ರಾಸ್ ಅಲ್ ಖೋರಿನ ಗುರ್ಕಾರ

ಲಿಗೋರಿ ಹುಟ್ಟಿದ್ದು ಗುರ್ಕಾರರ ಮನೆಯಲ್ಲಿ. ಮಂಗಳೂರು ಸೀಮೆಯ ಕ್ರೈಸ್ತರಲ್ಲಿ ಗುರ್ಕಾರ ಎಂದರೆ ವಾಳೆಯ, ಅಂದರೆ ಇಗರ್ಜಿಗೆ ಸೇರಿದ ಕೇರಿಯ, ಮುಖಂಡ. ಮದುವೆ ಮಾತುಕತೆಯಿಂದ ಹೆಣ ಎತ್ತುವವರೆಗೆ ಅವನ ಮಾತಿಲ್ಲದೆ ಏನೂ ನಡೆಯದು. ಅಜ್ಜ ಗುರ್ಕಾರ, ಅಪ್ಪ ಗುರ್ಕಾರ. ಲಿಗೋರಿಗೆ ಮಾತ್ರ ಆ ಪಟ್ಟ ಸಿಗುವ ಮೊದಲೇ ದುಬೈ ವೀಸಾ ಸಿಕ್ಕಿಬಿಟ್ಟಿತು.

ರಾಸ್ ಅಲ್ ಖೋರಿನ ಲಾರಿ ಗ್ಯಾರೇಜಿನಲ್ಲಿ ಮೈಗೆಲ್ಲ ಗ್ರೀಸ್ ಮೆತ್ತಿಕೊಂಡು ಶುರು ಮಾಡಿದವನು ವರ್ಷಗಳ ಮೇಲೆ ಫೋರ್‌ಮನ್ ಆದ. ಆದದ್ದೇ ತಡ, ತನ್ನ ಇಗರ್ಜಿಯ ಗಂಡಸರನ್ನು ಒಬ್ಬೊಬ್ಬರಾಗಿ ಕರೆಸಿಕೊಳ್ಳತೊಡಗಿದ. ವೀಸಾ ಕೊಡಿಸಿದವನು ದೇವರ ಪಕ್ಕದ ಕುರ್ಚಿಯವನು ತಾನೇ? ಕೆಲಸಗಾರರ ಕ್ಯಾಂಪಿನಲ್ಲಿ ಅವರೆಲ್ಲ ಅವನನ್ನು ಗುರ್ಕಾರ್ರೇ ಎಂದೇ ಕರೆದರು. ಊರಲ್ಲಿ ತಪ್ಪಿದ ಪಟ್ಟ ಮರಳುಗಾಡಿನಲ್ಲಿ ದಕ್ಕಿತೆಂದು ಅವನು ಒಳಗೊಳಗೇ ಉಬ್ಬಿದ. ಅಲ್ ನಹ್ದಾದಲ್ಲಿ ಹೆಂಡತಿ ಫೆಲ್ಸಿ, ಮಗಳು ಜೆಸ್ಸಿಕಾ ಇರುವ ಫ್ಲ್ಯಾಟ್ ಇದ್ದರೂ ವಾರಕ್ಕೊಮ್ಮೆ ಕ್ಯಾಂಪಿಗೆ ಹೋಗಿ ತೇರ್ಸ್ ಹೇಳಿಸುತ್ತಿದ್ದ. ಜಪಮಾಲೆಯ ಆ ಪ್ರಾರ್ಥನೆಗೆ ತಪ್ಪಿಸಿಕೊಂಡವನಿಗೆ ಬೈಗುಳವೂ ಸಿಗುತ್ತಿತ್ತು.

ಶುಭ ಶುಕ್ರವಾರದ ಮಧ್ಯಾಹ್ನ ಇವರನ್ನು ಚರ್ಚಿಗೆ ಬಿಡುವುದು ಗ್ಯಾರೇಜಿನ ಹಳೆಯ ರೂಢಿ. ಈ ವರ್ಷ ಹೊಸ ಮ್ಯಾನೇಜರ್ ಬಂದಿದ್ದ. ಲಾರಿಗಳು ಸಾಲುಗಟ್ಟಿ ನಿಂತಿವೆ, ರಜೆ ಮಾಫಿ, ಇಲ್ಲವೇ ಇಲ್ಲ, ಎಂದುಬಿಟ್ಟ. ಹಿಂದಿನ ಸಂಜೆ ತೇರ್ಸ್ ಮುಗಿಸಿ ಎದ್ದ ಲಿಗೋರಿ, ಅಪ್ಪ ಇಗರ್ಜಿಯ ಅಂಗಳದಲ್ಲಿ ನಿಂತು ಹೇಳುತ್ತಿದ್ದ ಧಾಟಿಯಲ್ಲೇ ಹೇಳಿದ:

"ನಾಳೆ ಯಾರೂ ಬಸ್ ಹತ್ತುದು ಬೇಡ. ಮ್ಯಾನೇಜರ್ ಹತ್ರ ನಾನು ಮಾತಾಡ್ತೇನೆ."

ಊರಲ್ಲಾದರೆ ಅಷ್ಟು ಸಾಕು. ಗುರ್ಕಾರ ಹೇಳಿದ ಮೇಲೆ ಯಾಕೆ ಎಂದು ಕೇಳುವ ಕ್ರಮವಿಲ್ಲ. ಇಲ್ಲಿ ಅದಕ್ಕೆ ಮುಷ್ಕರ ಎನ್ನುತ್ತಾರೆ, ಮುಷ್ಕರಕ್ಕೆ ಈ ನೆಲದಲ್ಲಿ ಜಾಗವಿಲ್ಲ ಎಂಬುದು ಇಷ್ಟು ವರ್ಷ ಉಪ್ಪು ತಿಂದವನಿಗೆ ಹೊಳೆಯಲೇ ಇಲ್ಲ. ಮರುದಿನ ಕ್ಯಾಂಪಿನಿಂದ ಗ್ಯಾರೇಜಿಗೆ ಬಸ್ ಖಾಲಿ ಹೋಯಿತು. ಲಿಗೋರಿ ಮಾತಾಡಲೆಂದು ಹೋದಾಗ ಮ್ಯಾನೇಜರ್ ಬಾಗಿಲನ್ನೇ ತೆರೆಯಲಿಲ್ಲ. ಸಂಜೆಯೊಳಗೆ ಬಸ್ ಹತ್ತದವರೆಲ್ಲರ ವೀಸಾ ರದ್ದು ಮಾಡುವ ತೀರ್ಮಾನವಾಗಿತ್ತು.

ಶನಿವಾರ ಮ್ಯಾನೇಜರನೇ ಫೋನ್ ಮಾಡಿದ. "ನಿನ್ನ ಹೆಸರನ್ನು ಅವರಲ್ಲಿ ಒಬ್ಬನೂ ಹೇಳಿಲ್ಲ. ನಿನಗೇನೂ ಗೊತ್ತಿರಲಿಲ್ಲ ಅಂತ ಸೋಮವಾರ ಬಂದು ಹೇಳು, ಖಲಾಸ್. ಹೊಸಬರಿಗೆ ಕೆಲಸ ಕಲಿಸಲು ನೀನು ಬೇಕು."

ಲಿಗೋರಿಗೆ ಅತ್ತ ದರಿ, ಇತ್ತ ಪುಲಿ. ಹೂಂ ಎಂದರೆ ಮನೆ ಉಳಿಯುತ್ತದೆ, ಮುಖ ಉಳಿಯುವುದಿಲ್ಲ. ಊಹೂಂ ಎಂದರೆ ಫ್ಲ್ಯಾಟ್, ಜೆಸ್ಸಿಕಾಳ ಶಾಲೆ ಎಲ್ಲಕ್ಕೂ ಕಲ್ಲು. ಹುಡುಗರು ತನಗೆ ಹೆದರಿ ಹೆಸರು ಹೇಳಲಿಲ್ಲವೆಂದು ಅವನು ತಿಳಿದ. ಅದನ್ನು ನೆನೆದು ಅವನಿಗೆ ನಾಚಿಕೆಯಾಯಿತು.

ಅದೇ ಹೊತ್ತಿಗೆ ಜೆಸ್ಸಿಕಾ ಊಟದ ಮೇಜಿನ ಮೇಲೆ ಇತಿಹಾಸದ ಪುಸ್ತಕ ಹರಡಿಕೊಂಡು ಕೂತಿದ್ದಳು. ಬ್ರಿಟಿಷ್ ಸಿಲೆಬಸ್ಸಿನ ಶಾಲೆ. ಪರೀಕ್ಷೆಗೆ ಟ್ಯೂಡರ್ ರಾಣಿಯ ಕಾಲ.

"ಇವ ಯಾರು?" ಗಡ್ಡದವನ ಚಿತ್ರವೊಂದನ್ನು ತೋರಿಸಿ ಲಿಗೋರಿ ಕೇಳಿದ.

"ಥಾಮಸ್ ಪರ್ಸಿ. ಅರ್ಲ್ ಆಫ್ ನಾರ್ತಂಬರ್ಲೆಂಡ್. ಕ್ಯಾಥೊಲಿಕ್, ಡ್ಯಾಡಿ, ನಮ್ಮ ಹಾಗೆ." ಓದುವ ಬೇಸರಕ್ಕೆ ಅವಳಿಗೆ ಕೇಳುಗ ಸಿಕ್ಕಿದ್ದ. ರಾಣಿ ಎಲಿಜಬೆತ್ ಹಳೆಯ ಪೂಜೆಯನ್ನು ನಿಲ್ಲಿಸಿದಳು. ಉತ್ತರದ ಈ ದೊಡ್ಡ ಕುಳ ತನ್ನ ಒಕ್ಕಲುಗಳನ್ನೆಲ್ಲ ಎಬ್ಬಿಸಿದ. ಡರ್ಹಾಮಿನ ದೊಡ್ಡ ಇಗರ್ಜಿಗೆ ನುಗ್ಗಿ ಮತ್ತೆ ಹಳೆಯ ಪೂಜೆ ಮಾಡಿಸಿದ. ರಾಣಿಯ ದಂಡು ಬಂದಾಗ ಸ್ಕಾಟ್ಲೆಂಡಿಗೆ ಓಡಿದ. ಅಲ್ಲಿಯವರು ಅವನನ್ನು ಇಂಗ್ಲೆಂಡಿಗೇ ಮಾರಿಬಿಟ್ಟರು.

"ಮತ್ತೆ?"

"ಧರ್ಮ ಬಿಟ್ಟರೆ ಜೀವ ಉಳಿಸ್ತೇವೆ ಅಂದ್ರು. ಹಿ ಸೆಡ್ ನೋ. ತಲೆ ಕಡಿದ್ರು. ಈಗ ಚರ್ಚ್ ಅವನನ್ನು ಬ್ಲೆಸ್ಡ್ ಅಂತ ಕರೀತದೆ, ಆಲ್ಮೋಸ್ಟ್ ಸೇಂಟ್."

ಲಿಗೋರಿ ಆ ಚಿತ್ರಕ್ಕೆ ಬೆರಳು ಮುಟ್ಟಿಸಿ ಹಣೆಗೆ ಒತ್ತಿಕೊಂಡ. ಜೆಸ್ಸಿಕಾ ಪುಟ ತಿರುವಿ, ಅವನನ್ನು ನಂಬಿ ಹೋದ ನೂರಾರು ಬಡವರನ್ನು ಅವರವರ ಊರಿನಲ್ಲೇ ಗಲ್ಲಿಗೇರಿಸಿದರು, ಅವರ ಹೆಸರನ್ನು ಕೇಳುವವರೇ ಇಲ್ಲ, ಪರೀಕ್ಷೆಯಲ್ಲಿ ಅದನ್ನೂ ಬರೆಯಬೇಕು ಎಂದಳು. ಆಗ ಅವನು ಎದ್ದು ಬಾಲ್ಕನಿಗೆ ಹೋಗಿಯಾಗಿತ್ತು. ಮನುಷ್ಯನ ಕಿವಿಯೇ ಹಾಗೆ, ತನಗೆ ಬೇಕಾದಲ್ಲಿಗೆ ನಿಲ್ಲುತ್ತದೆ.

ಭಾನುವಾರ ಅವನು ಮ್ಯಾನೇಜರನ ಮುಂದೆ ಎಲ್ಲ ಒಪ್ಪಿಕೊಳ್ಳುವ ನಿರ್ಧಾರ ಹೇಳಿದಾಗ ಫೆಲ್ಸಿ ಸಾರು ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಗೇ ಬಿಟ್ಟಳು. "ನಿಮ್ಮ ಗುರ್ಕಾರಿಕೆಗೆ ಬೆಂಕಿ ಬಿತ್ತು. ನೀವು ಹೋದ್ರೆ ಅವರ ವೀಸಾ ವಾಪಸ್ ಬರ್ತದಾ? ಹೇಳಿ ನೋಡುವ!"

"ಬರುದಿಲ್ಲ. ಆದ್ರೆ ನಾನೊಬ್ಬ ಇಲ್ಲಿ ಅನ್ನ ತಿನ್ನುದು ಹೇಗೆ?"

ಅವನ ಸಂಕಟ ನಿಜವಾದದ್ದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರಲ್ಲಿ ಒಂದು ಚಿಟಿಕೆ ಹೆಮ್ಮೆಯೂ ಬೆರೆತಿತ್ತು. ಸೋಮವಾರ ಮ್ಯಾನೇಜರನ ಮುಂದೆ ನೆಟ್ಟಗೆ ನಿಂತು, "ಬಸ್ ಹತ್ತಬೇಡಿ ಅಂದವನು ನಾನು. ಅವರನ್ನು ಬಿಡಿ," ಎಂದ. ಮ್ಯಾನೇಜರ್ ಅವನನ್ನು ಹುಚ್ಚನನ್ನು ನೋಡುವಂತೆ ನೋಡಿದ. ಯಾರನ್ನೂ ಬಿಡಲಿಲ್ಲ. ಕಳಿಸುವವರ ಜೊತೆಗೆ ಇವನನ್ನೂ ಸೇರಿಸಿದ, ಅಷ್ಟೆ. ಪರೀಕ್ಷೆ ಮುಗಿದ ಮೇಲೆ ಫೆಲ್ಸಿಯೂ ಮಗಳೂ ಗಂಟುಮೂಟೆ ಕಟ್ಟುವುದೆಂದಾಯಿತು.

ವಾರ ಕಳೆದು ಕಂಪೆನಿಯ ವ್ಯಾನು ಎಲ್ಲರನ್ನೂ ಏರ್‌ಪೋರ್ಟಿಗೆ ಹೊತ್ತು ಹೊರಟಿತು. ಲಿಗೋರಿ ಹೋಗಿ ಬಸ್ತ್ಯಾಂವನ ಪಕ್ಕ ಕೂತ. ಬಸ್ತ್ಯಾಂವ್ ಅವನು ಮೊಟ್ಟಮೊದಲು ಕರೆಸಿಕೊಂಡ ವೆಲ್ಡರ್, ಅವರಲ್ಲೆಲ್ಲ ಹಿರಿಯ. ಯಾರಾದರೂ ಕೈ ಹಿಡಿದಾರು, ಒಂದು ಒಳ್ಳೆಯ ಮಾತು ಆಡಿಯಾರು ಎಂದು ಲಿಗೋರಿ ಕಾದ.

ಕೊನೆಗೆ ಬಸ್ತ್ಯಾಂವನೇ ಕೇಳಿದ. "ನೀವು ಎಂತಕ್ಕೆ ಹೋಗಿ ಹೇಳಿದ್ದು?"

"ನಿಮ್ಮನ್ನು ಬಿಟ್ಟು ಹೇಗೆ ಇರುದು ಮಾರಾಯ?"

"ನಮ್ಮದು ಹೇಗೂ ಮುಗಿದಿತ್ತು," ಎಂದ ಬಸ್ತ್ಯಾಂವ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಲಿಗೋರಿ ತಾಳಿಕೊಳ್ಳುತ್ತಿದ್ದ. "ಅವತ್ತು ರೂಮಲ್ಲಿ ಕೂತು ಎಲ್ಲರೂ ಮಾತಾಡಿಕೊಂಡೆವು, ಗುರ್ಕಾರ್ರ ಹೆಸರು ಯಾರೂ ಹೇಳುದು ಬೇಡ ಅಂತ. ನೀವೊಬ್ಬರು ಇಲ್ಲಿ ಉಳಿದ್ರೆ ನಾಳೆ ನಮ್ಮ ಮಕ್ಕಳನ್ನಾದ್ರೂ ಕರೆಸಿಕೊಳ್ತೀರಿ ಅಂತ ಇತ್ತು. ನನ್ನ ಮಗ ಐಟಿಐ ಮುಗಿಸಿ ಕಾಯ್ತಾ ಇದ್ದಾನೆ. ಇನ್ನು ಅವನನ್ನು ಯಾರು ಕರೆಸುದು?"

ಬಸ್ತ್ಯಾಂವ್ ತನ್ನ ಚೀಲ ಎತ್ತಿಕೊಂಡು ಮುಂದಿನ ಸೀಟಿಗೆ ಹೋಗಿ ಕೂತ.