ಸೊಗಲೂರಿನಲ್ಲಿ ಇಲ್ಲದ ಸೊಗಲೂರು

ಇಪ್ಪತ್ತಮೂರು ವರ್ಷ ತುಂಬುವ ತನಕ ಮುರಳೀಧರನಿಗೆ ಅಡ್ಡಹೆಸರು ಇರಲಿಲ್ಲ. ತುಮಕೂರಿನಲ್ಲಿ ಅವನು ಎಸ್. ವಿ. ಮುರಳೀಧರ, ಅಷ್ಟೇ. ವಿ ಅಂದರೆ ಅಪ್ಪ ವೆಂಕಟೇಶಯ್ಯ, ಎಸ್ ಅಂದರೆ ಸೊಗಲೂರು. ಆ ಊರು ಬಳ್ಳಾರಿ ಸೀಮೆಯಲ್ಲಿ ಎಲ್ಲೋ ಇದೆಯೆಂದೂ ಹಿಂದಿನವರು ಅಲ್ಲಿಂದ ಬಂದವರೆಂದೂ ಮನೆಯಲ್ಲಿ ಹೇಳುತ್ತಿದ್ದರು. ಯಾರೂ ಹೋಗಿ ನೋಡಿದವರಲ್ಲ.

೧೯೮೧ರಲ್ಲಿ ದೆಹಲಿಯ ಒಂದು ಮಂತ್ರಾಲಯದಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಸೇರುವ ದಿನ ತುಂಬಿಕೊಟ್ಟ ಫಾರ್ಮನ್ನು ಅಲ್ಲಿನ ಬಡೇಬಾಬು, ಅಂದರೆ ಹಿರಿಯ ಗುಮಾಸ್ತ, ವಾಪಸು ತಳ್ಳಿದ.

"ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದೀಯಲ್ಲ?"

"ನಮ್ಮ ಕಡೆ ಇರೋದಿಲ್ಲ ಸರ್."

"ಇರೋದಿಲ್ಲವಾ? ಮತ್ತೆ ಜನ ನಿನ್ನ ಏನಂತ ಕರೀತಾರೆ?"

"ಮುರಳೀಧರ ಅಂತ."

"ಅರೇ ಭಾಯಿ, ಅದು ಹೆಸರು!" ಬಡೇಬಾಬು ಎಸ್ ಅಕ್ಷರದ ಮೇಲೆ ಬೆರಳಿಟ್ಟ. "ಇದೇನು? ಊರಾ? ಬಸ್, ಹೋ ಗಯಾ." ತಾನೇ ಪೆನ್ನು ತೆಗೆದುಕೊಂಡು ಖಾಲಿ ಜಾಗದಲ್ಲಿ ಬರೆದುಬಿಟ್ಟ.

ಒಂದು ವಾರದೊಳಗೆ ಇಡೀ ವಿಭಾಗಕ್ಕೆ ಅವನು ಸೊಗಲೂರ್ ಆದ. ನಾಲಗೆ ಹೊರಳದವರು ಸುಗ್ಲರ್ ಎಂದರು. ತಮಾಷೆಯ ಜನ ಸ್ಮಗ್ಲರ್ ಸಾಬ್ ಎಂದರು. ಮದುವೆಯಾದ ಮೇಲೆ ಹೆಂಡತಿ ರೇಷನ್ ಕಾರ್ಡಿನಲ್ಲಿ ವೈಜಯಂತಿ ಸೊಗಲೂರ್ ಆದಳು. ಮಗಳು ನಿಹಾರಿಕಾ ಹುಟ್ಟುವಾಗಲೇ ಆ ಹೆಸರನ್ನು ಹೊತ್ತುಕೊಂಡು ಹುಟ್ಟಿದಳು. ಮೂವತ್ತೇಳು ವರ್ಷ ನೌಕರಿ ಮಾಡಿ, ಅದರಲ್ಲಿ ಹನ್ನೊಂದು ವರ್ಷ ದಾಖಲೆ ಕೋಣೆಯಲ್ಲಿ ಹಳೆಯ ಕಡತಗಳ ಧೂಳು ಕುಡಿದು, ಮುರಳೀಧರ ನಿವೃತ್ತನಾಗಿ ದೆಹಲಿಯ ಅಂಚಿನ ದ್ವಾರಕಾ ಬಡಾವಣೆಯ ಒಂದು ವಸತಿ ಸೊಸೈಟಿಯ ಐದನೆಯ ಮಹಡಿಗೆ ಬಂದು ಸೇರಿದ. ಸೊಗಲೂರಿನ ಯೋಚನೆ ಅವನಿಗೆ ಬರಲೇ ಇಲ್ಲ, ಹೋದ ಜನವರಿಯಲ್ಲಿ ಆ ಇಮೇಲ್ ಬರುವ ತನಕ.

ಬರೆದವಳು ಮಾರಿಷಸ್‌ನ ಕ್ಲೋದಿನ್ ಸುಗಾಲು, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವಳು. ದೆಹಲಿಯ ವಸಂತ್ ಕುಂಜ್ ಪಕ್ಕದ ವಿಶ್ವವಿದ್ಯಾಲಯಕ್ಕೆ ಆರು ವಾರದ ಮಟ್ಟಿಗೆ ಬರುತ್ತಿದ್ದಾಳೆ. ಸೊಸೈಟಿಯ ಸಮಿತಿಯ ಪಟ್ಟಿಯಲ್ಲಿ ಅವನ ಹೆಸರನ್ನು ಅಂತರ್ಜಾಲದಲ್ಲಿ ಕಂಡಿದ್ದಾಳೆ. 'ನಮ್ಮ ಮನೆಯವರನ್ನು ಬಿಟ್ಟರೆ ಈ ಹೆಸರಿಗೆ ಹತ್ತಿರವಾದವರು ಲೋಕದಲ್ಲಿ ನನಗೆ ಸಿಕ್ಕಿದ್ದು ಮೂವರೇ. ಪರ್ತ್‌ನಲ್ಲಿ ಒಬ್ಬ ಹಲ್ಲಿನ ಡಾಕ್ಟರಮ್ಮ, ಕೆನಡಾದಲ್ಲಿ ಲಾರಿ ಓಡಿಸುವ ಒಬ್ಬರು, ಮತ್ತೆ ನೀವು. ನಾವು ನೆಂಟರಿರಬಹುದೇ?'

"ಏನೋ ಮೋಸ ಇರಬೇಕು ರೀ," ಎಂದಳು ವೈಜಯಂತಿ. "ಆಧಾರ್ ನಂಬರ್ ಕೇಳಿದ್ರೆ ಕೊಟ್ಟುಬಿಟ್ಟೀರಿ."

ಮುರಳೀಧರನಿಗೆ ಮಾತ್ರ ದಾಖಲೆ ಕೋಣೆಯ ಹಳೆಯ ಚಟ ಎದ್ದು ಕೂತಿತು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನ ಮೇಲೆ ವಂಶದ ಪಟ್ಟಿ ಎಳೆದ. ತಾನು, ತನ್ನ ಮೇಲೆ ಅಪ್ಪ ವೆಂಕಟೇಶಯ್ಯ, ಅಪ್ಪನ ಮೇಲೆ ತಾತ ನಾರಾಯಣಯ್ಯ. ಅದರಾಚೆ ಕತ್ತಲೆ. ಕೆಳಗೆ ಒಬ್ಬಳೇ ಮಗಳು.

"ಇಲ್ಲಿಗೆ ಮುಗೀತು ನೋಡು ಸೊಗಲೂರು," ಎಂದು ಉಸಿರುಬಿಟ್ಟ.

ಗುರುಗ್ರಾಮದ ಆಫೀಸಿನಿಂದ ಆಗಷ್ಟೇ ಬಂದಿದ್ದ ನಿಹಾರಿಕಾ ಹಾಳೆಯ ಮೇಲೆ ಬಗ್ಗಿದಳು. "ಅಪ್ಪಾ, ತೋ ಮೈ ಕೌನ್ ಹೂಂ? ಹಾಗಾದ್ರೆ ನಾನು ಯಾರು?"

ಮರುದಿನ ಸೊಗಲೂರಿನ ಪಂಚಾಯಿತಿಯ ನಂಬರು ಹುಡುಕಿ ಫೋನು ಮಾಡಿದ. ಎತ್ತಿದವನು ಅಲ್ಲಿನ ಅಧಿಕಾರಿ ಮಹಂತೇಶ್. ವಿಷಯ ಕೇಳಿ ಎರಡು ದಿನ ಟೈಮು ತೆಗೆದುಕೊಂಡು, ತಾನೇ ತಿರುಗಿ ಫೋನು ಮಾಡಿದ.

"ಪಡಿತರ ಚೀಟಿ ಪಟ್ಟಿ ಪೂರಾ ನೋಡೀನ್ರಿ ಸರ. ಅಂಗಡಿ ಅನ್ನೋರು ಅದಾರ, ಕಮ್ಮಾರ ಅನ್ನೋರು ಅದಾರ, ಹೂಗಾರ ಅದಾರ. ಸೊಗಲೂರು ಅಂತ ಅಡ್ಡಹೆಸರು ಒಬ್ಬರಿಗೂ ಇಲ್ರಿ."

"ಒಬ್ಬರಿಗೂ?"

"ಸೊಗಲೂರಾಗ ಕುಂತು ಸೊಗಲೂರು ಅಂತ ಯಾಕ ಕರಕೋತಾರ್ರಿ? ಇಲ್ಲಿಂದ ಹೊರಗ ಹೋದವರಿಗೆ ಬೇಕಾಗ್ತದರಿ ಅದು."

ಮುರಳೀಧರ ಫೋನು ಕೆಳಗಿಟ್ಟು ಬಾಲ್ಕನಿಗೆ ಹೋಗಿ ಬೆರಳು ಮಡಚಿ ಎಣಿಸಿದ. ದೆಹಲಿಯಲ್ಲಿದೆ, ಪರ್ತ್‌ನಲ್ಲಿದೆ, ಕೆನಡಾದಲ್ಲಿದೆ, ಮಾರಿಷಸ್‌ನಲ್ಲಿದೆ. ಆ ಹೆಸರು ಇಲ್ಲದಿರುವುದು ಸೊಗಲೂರಿನಲ್ಲಿ ಮಾತ್ರ.

ಫೆಬ್ರುವರಿಯ ಒಂದು ಶನಿವಾರ ಕ್ಲೋದಿನ್ ಊಟಕ್ಕೆ ಬಂದಳು. ಐವತ್ತರ ಆಸುಪಾಸಿನ ಹೆಂಗಸು, ಮೋಟುಗೂದಲು, ಕೊರಳಲ್ಲಿ ಸಣ್ಣ ಶಿಲುಬೆ. ಫ್ರೆಂಚ್ ಧಾಟಿಯ ಇಂಗ್ಲಿಷ್ ಮಾತಾಡುತ್ತಿದ್ದಳು. ಬಾಗಿಲಲ್ಲಿ ನಿಂತು ಮುರಳೀಧರನ ಮುಖವನ್ನು ನಾಚಿಕೆಯಿಲ್ಲದೆ ನೋಡಿದಳು. ಅವನೂ ಅವಳ ಮೂಗು, ಹಣೆ, ಕಿವಿ ನೋಡಿದ. ಹೋಲಿಕೆ ಏನೇನೂ ಕಾಣಲಿಲ್ಲ. ಇಬ್ಬರಿಗೂ ನಗು ಬಂತು.

ವೈಜಯಂತಿ ಬೇಳೆ ಒಬ್ಬಟ್ಟು ಬಡಿಸಿದಳು. ಕ್ಲೋದಿನ್ ಮುರಿದು, ಒಳಗಿನ ಹೂರಣ ನೋಡಿ ಕಣ್ಣರಳಿಸಿದಳು. "ನಮ್ಮಲ್ಲೂ ಬೇಳೆ ತುಂಬಿ ರೊಟ್ಟಿ ಮಾಡುತ್ತೇವೆ. ರಸ್ತೆ ಬದಿಯಲ್ಲೇ ಮಾರುತ್ತಾರೆ. ಆದರೆ ಸಿಹಿ ಇಲ್ಲ. ಬೆಲ್ಲವನ್ನು ದಾರಿಯಲ್ಲಿ ಎಲ್ಲೋ ಮರೆತು ಬಂದಿದ್ದೇವೆ."

ಊಟವಾದ ಮೇಲೆ ಚೀಲದಿಂದ ಎರಡು ಕಾಗದ ತೆಗೆದಳು. ಒಂದು, ಕಬ್ಬಿನ ತೋಟದ ಕೂಲಿಗೆ ಹೋದವರ ದಾಖಲೆಯ ನಕಲು. ೧೮೬೮, ಮದ್ರಾಸಿನಿಂದ ಹೊರಟ ಹಡಗು. ಹೆಸರು ಹನುಮಿ, ಹತ್ತೊಂಬತ್ತು ವರ್ಷ, ಹೆಣ್ಣು, ಒಬ್ಬಳೇ. ಎಡಗೈ ಮೇಲೆ ಗಾಯದ ಕಲೆ. ಜಿಲ್ಲೆ ಬಳ್ಳಾರಿ, ಹಳ್ಳಿ ಸೂಗಲೂರ್. ಇನ್ನೊಂದು, ಅದೇ ಹನುಮಿಯ ಫೋಟೋ. ಸೆರಗು ತಲೆಯ ಮೇಲೆ, ದೃಷ್ಟಿ ನೇರ.

"ಅವಳಿಗೆ ಅಲ್ಲಿ ಮಗ ಹುಟ್ಟಿದ," ಎಂದಳು ಕ್ಲೋದಿನ್. "ತಂದೆಯ ಹೆಸರು ಕೇಳಿದರಂತೆ, ಅವಳು ಹೇಳಲಿಲ್ಲವಂತೆ. ಬರೆದುಕೊಳ್ಳುವವನು ತಾಯಿಯ ಹಳ್ಳಿಯನ್ನೇ ಬರೆದ. ಅದೇ ನಮ್ಮ ಮನೆತನದ ಹೆಸರು. ಜಾತಿಯ ಅಂಕಣದ ಮೇಲೆ ಶಾಯಿ ಚೆಲ್ಲಿದೆ, ನೋಡಿ. ನಮ್ಮಪ್ಪನಿಗೆ ಅದೊಂದು ದೊಡ್ಡ ಸಮಾಧಾನ."

ಅದನ್ನೇ ಹೇಗೆ ಕೇಳುವುದೆಂದು ಬೆಳಗಿನಿಂದ ಯೋಚಿಸುತ್ತಿದ್ದ ವೈಜಯಂತಿ ಎದ್ದು ಕಾಫಿ ತರಲು ಹೋದಳು.

ಮುರಳೀಧರ ತನ್ನ ಫಾರ್ಮಿನ ಕಥೆ ಹೇಳಿದ. ಕ್ಲೋದಿನ್ ಬಿದ್ದು ಬಿದ್ದು ನಕ್ಕಳು. ಆಮೇಲೆ ಸುಮ್ಮನೆ ಒಂದು ಪ್ರಶ್ನೆ ಕೇಳಿದಳು. "ಆ ಎಸ್ ನಿಮಗೆ ಎಲ್ಲಿಂದ ಬಂತು? ನಿಮ್ಮಲ್ಲಿ ಊರು ಬಿಟ್ಟವರು ಯಾರು?"

ನಲವತ್ತು ವರ್ಷಕ್ಕೂ ಮಿಕ್ಕಿ ಆ ಹೆಸರಿನಲ್ಲಿ ಸಹಿ ಹಾಕಿದವನಿಗೆ ಉತ್ತರ ಗೊತ್ತಿರಲಿಲ್ಲ. "ಗೊತ್ತಿರಬಹುದಾದವರು ಒಬ್ಬರಿದ್ದಾರೆ," ಎಂದ.

ಅವರು ಸುಶೀಲಮ್ಮ, ಅಪ್ಪನ ತಂಗಿ, ತೊಂಬತ್ತು ದಾಟಿದವರು. ರೈಲ್ವೆಯಲ್ಲಿದ್ದ ಗಂಡನ ಜೊತೆ ದೆಹಲಿಗೆ ಬಂದು, ಕರೋಲ್ ಬಾಗ್‌ನಲ್ಲಿ ಬೇರೂರಿದವರು. ಮುರಳೀಧರ ಮೊದಲು ದೆಹಲಿಗೆ ಬಂದಾಗ ಒಂದೂವರೆ ವರ್ಷ ಅವರ ಮನೆಯಲ್ಲೇ ಉಂಡಿದ್ದ. ಮಾರನೆಯ ದಿನ ಅವನು, ನಿಹಾರಿಕಾ, ಕ್ಲೋದಿನ್ ಮೂವರೂ ಮೆಟ್ರೋ ಹಿಡಿದು, ಇಳಿದು, ಸೈಕಲ್ ರಿಕ್ಷಾಗಳಲ್ಲಿ ಅಂಗಡಿಗಳ ಸಂದಿಗೆ ನುಗ್ಗಿ, ಕಡಿದಾದ ಮೆಟ್ಟಿಲು ಹತ್ತಿದರು. ಸುಶೀಲಮ್ಮನ ಮಗ ಚಿದಂಬರ ಬಾಗಿಲು ತೆಗೆದ. "ಎಡಗಿವಿ ಪಕ್ಕ ಮಾತಾಡು ಮುರಳಿ. ಬಲಗಿವಿ ಪೂರ್ತಿ ಮುಚ್ಚಿಹೋಗಿದೆ."

ಮುರಳೀಧರ ಎಡಗಡೆ ಕೂತು ಕೇಳಿದ. "ಅತ್ತೆ, ಸೊಗಲೂರಿಂದ ಬಂದವರು ಯಾರು? ನಾರಾಯಣಯ್ಯನವರ ಅಪ್ಪನಾ?"

"ಅವರ ಅಪ್ಪ ಸೊಗಲೂರು ಯಾಕೆ ನೋಡ್ತಾರೆ? ಅವರು ಶಿರಾ ಕಡೆಯವರು. ಹುಟ್ಟಿದ್ದು ಅಲ್ಲೇ, ಹೋಗಿದ್ದೂ ಅಲ್ಲೇ."

"ಮತ್ತೆ ಸೊಗಲೂರು?"

"ಸೊಗಲೂರಮ್ಮ ಕಣೋ! ನಮ್ಮಜ್ಜಿ. ನಿನಗೆ ಮುತ್ತಜ್ಜಿ." ಇದೂ ಗೊತ್ತಿಲ್ಲವೇ ಎನ್ನುವಂತೆ ಅವರು ಅವನನ್ನು ನೋಡಿದರು. "ಸೊಸೆಯಾಗಿ ಬಂದವಳನ್ನ ತವರಿನ ಹೆಸರಲ್ಲಿ ತಾನೇ ಕರೀತಿದ್ದದ್ದು. ಮಧುಗಿರಿಯಿಂದ ಬಂದ್ರೆ ಮಧುಗಿರಿಯೋಳು ಅಂತ. ಅಷ್ಟು ದೂರದಿಂದ ಬಂದವಳು ಅವಳೊಬ್ಬಳೇ. ಮದುವೆಯಾಗಿ ಆರು ವರ್ಷಕ್ಕೆ ಗಂಡ ಪ್ಲೇಗಿನಲ್ಲಿ ಹೋದ. ಮಗು ಕಂಕುಳಲ್ಲಿ. ತವರಿಗೂ ಹೋಗಲಿಲ್ಲ, ಯಾರ ಮನೆ ಬಾಗಿಲಿಗೂ ಹೋಗಲಿಲ್ಲ. ಅಲ್ಲೇ ನಿಂತು ಸಾಕಿದಳು. ಮಗನ್ನ ಸ್ಕೂಲಿಗೆ ಸೇರಿಸಿದಾಗ ಮೇಷ್ಟ್ರು, ಯಾರ ಮಗನೋ ಅಂತ ಕೇಳಿದ್ರಂತೆ. ಸೊಗಲೂರಮ್ಮನ ಮಗ ಅಂದ. ಅವರು ಸೊಗಲೂರು ನಾರಾಯಣ ಅಂತ ಬರ್ಕೊಂಡ್ರು. ಇನ್ನೇನು?"

ಅರ್ಧ ತಿಳಿದು ಅರ್ಧ ತಿಳಿಯದ ನಿಹಾರಿಕಾ, "ಅಜ್ಜಿ, ಏಕ್ ಬಾರ್ ಮತ್ತೆ ಹೇಳಿ, ಪ್ಲೀಸ್," ಎಂದು ಎರಡನೆಯ ಸಲ ಹೇಳಿಸಿಕೊಂಡು, ಒಂದೊಂದೇ ವಾಕ್ಯವನ್ನು ಇಂಗ್ಲಿಷಿಗೆ ತಿರುಗಿಸಿ ಕ್ಲೋದಿನ್‌ಗೆ ಹೇಳಿದಳು. ಕ್ಲೋದಿನ್ ಕೈ ಬಾಯಿಗೆ ಹೋಯಿತು.

"ಅವರ ಸ್ವಂತ ಹೆಸರೇನು ಅತ್ತೆ?" ಎಂದು ಮುರಳೀಧರ ಕೇಳಿದ.

"ಹೆಸರು... ಇಟ್ಟೇ ಇರ್ತಾರೆ. ಅವಳು ಹೋದಾಗ ನನಗೆ ಎಂಟು ವರ್ಷ. ಸೊಗಲೂರಮ್ಮ ಅಂತ ಅವಳ ಮಗನೇ ಕರೀತಿದ್ದ. ನಾನು ಕೇಳಲೇ ಇಲ್ವಲ್ಲೋ."

ಕ್ಲೋದಿನ್ ಹನುಮಿಯ ಫೋಟೋವನ್ನು ಅವರ ಕೈಗಿತ್ತಳು; ಮುರಳೀಧರ ಎಡಗಿವಿಯ ಬಳಿ ಹನುಮಿ ಹಡಗು ಹತ್ತಿದ ಕಥೆ ಹೇಳಿದ. ಮುದುಕಿ ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಇವಳು ಅಷ್ಟು ದೂರ ಒಬ್ಬಳೇ ಯಾಕೆ ಹೋದಳಂತೆ?"

"ಯಾರಿಗೂ ಹೇಳಲಿಲ್ಲವಂತೆ," ಎಂದಳು ನಿಹಾರಿಕಾ.

"ಮುಖದಲ್ಲಿ ಹೆದರಿಕೆ ಇಲ್ಲ ನೋಡು," ಎಂದು ಸುಶೀಲಮ್ಮ ಫೋಟೋ ವಾಪಸು ಕೊಟ್ಟು, ಕ್ಲೋದಿನ್‌ನ ಗಲ್ಲ ಸವರಿದರು. "ಏನಾದರೂ ತಿಂದಿದ್ದಾಳೇನೋ ಈ ಹುಡುಗಿ?"

ಆ ಸಂಜೆಯೇ ಮುರಳೀಧರ ಕ್ಲೋದಿನ್ ಕೊಟ್ಟ ವಿಳಾಸಗಳಿಗೆ, ಪರ್ತ್‌ಗೂ ಕೆನಡಾಕ್ಕೂ ಬರೆದ. ಮನೆಯ ಹಿರಿಯ ಹೆಂಗಸರನ್ನು ವಿಚಾರಿಸಿ ಎಂದ. ಕೆನಡಾದವನ ಉತ್ತರ ಎರಡೇ ಸಾಲು. ಅವನ ತಾತ ಸೊಗಲೂರಲ್ಲೇ ಹುಟ್ಟಿ, ಗಣಿಯ ಕೆಲಸಕ್ಕೆಂದು ಹೊಸಪೇಟೆಗೆ ಹೋದ ಗಂಡಸು. ಅಲ್ಲಿ ಹೆಂಗಸರ ಕಥೆ ಏನೂ ಇಲ್ಲ. ಪರ್ತ್‌ನ ಡಾಕ್ಟರ್ ಹರ್ಷಿಣಿ ಮಾತ್ರ ಫೋನೇ ಮಾಡಿದಳು. ಅವಳಿಗೆ ಏನೂ ಗೊತ್ತಿಲ್ಲ, ಆದರೆ ದಾವಣಗೆರೆಯ ದೊಡ್ಡಮ್ಮನನ್ನು ಕೇಳಿ ಹೇಳುತ್ತಾಳೆ. ಇನ್ನೂ ಹೇಳಿಲ್ಲ. ಫೋನಿನಲ್ಲಿ ಇದನ್ನೆಲ್ಲ ಕೇಳಿದ ಮಹಂತೇಶ್, "ಊರ ಹೆಣ್ಮಕ್ಕಳು ಎಲ್ಲೆಲ್ಲಿ ಹೋದ್ರು ಅಂತ ಯಾರು ಬರದಿಟ್ಟಾರ್ರಿ ಸರ? ನಾ ಮುದುಕರನ್ನ ವಿಚಾರಿಸ್ತೀನಿ, ನೀವೊಮ್ಮೆ ಬರ್ರಿ," ಎಂದ.

ಕ್ಲೋದಿನ್ ಸೊಗಲೂರಿಗೆ ಹೋಗಲಿಲ್ಲ. ವಿಮಾನ ಹತ್ತುವ ಮುಂಚೆ ಫೋನಿನಲ್ಲಿ ಅವಳೇ ಹೇಳಿದಳು. "ಹನುಮಿ ಅಲ್ಲಿಂದ ಯಾಕೆ ಹೊರಟಳೋ ಗೊತ್ತಿಲ್ಲ. ಅವಳು ಬಿಟ್ಟು ಬಂದ ಜಾಗಕ್ಕೆ ನಾನು ಹೋಗುವುದು ಅವಳಿಗೆ ಇಷ್ಟವಾಗುತ್ತದೋ ಇಲ್ಲವೋ. ನೀವು ಹೋದರೆ ಏನು ಕಂಡಿರೆಂದು ಹೇಳಿ."

ಮುರಳೀಧರ ಹೋಗುವವನಿದ್ದಾನೆ. ಏಪ್ರಿಲ್‌ನ ಬಿಸಿಲಿಗೆ ಬೇಡವೆಂದು ವೈಜಯಂತಿ ತಡೆದಿದ್ದಾಳೆ. ಆಗಸ್ಟ್ ಎಂದು ಇಟ್ಟುಕೊಂಡಿದ್ದಾರೆ. ಈ ನಡುವೆ ಕ್ಯಾಲೆಂಡರಿನ ಪಟ್ಟಿಯನ್ನು ಅವನು ಹೊಸದಾಗಿ ಬರೆದ. ತಾತನ ಮೇಲೆ ಸೊಗಲೂರಮ್ಮ ಎಂದು ಬರೆದು, ಪಕ್ಕದಲ್ಲಿ ಒಂದು ಗೆರೆ ಖಾಲಿ ಬಿಟ್ಟ. ಹೆಂಡತಿ ಬಟ್ಟೆ ಮಡಚುತ್ತಾ ಅದನ್ನೇ ನೋಡುತ್ತಿದ್ದಳು.

"ಮದುವೆಗೆ ಮುಂಚೆ ನಾನು ಕೆ. ಎನ್. ವೈಜಯಂತಿ ಅಲ್ವಾ ರೀ?"

"ಹೂಂ."

"ಆ ಕೆ ಅಂದ್ರೆ ಏನು, ಹೇಳಿ ನೋಡೋಣ."

ಮುರಳೀಧರ ತಲೆಯೆತ್ತಿದ. "ಕಡೂರು. ನಿಮ್ಮಪ್ಪ ಕಡೂರಿನವರಲ್ವಾ?"

"ಕಡೂರು ಅಪ್ಪನಿಗೆ ವರ್ಗ ಆದ ಊರು. ಮೂವತ್ತೆಂಟು ವರ್ಷ ಆಯ್ತು, ಒಂದು ಸಲನಾದ್ರೂ ಕೇಳಿದೀರಾ?"

ಅವನು ಪೆನ್ನು ಕೆಳಗಿಟ್ಟ. ಕ್ಯಾಲೆಂಡರಿನಿಂದ ಇನ್ನೊಂದು ತಿಂಗಳು ಹರಿದು, ಪಕ್ಕದ ಕುರ್ಚಿಯ ಮೇಲಿದ್ದ ಬಟ್ಟೆಗಳನ್ನು ತೆಗೆದು ಮಂಚಕ್ಕೆ ಹಾಕಿದ. "ಕೂತ್ಕೋ, ಹೇಳು," ಎಂದ. ವೈಜಯಂತಿ ಕೈಲಿದ್ದ ಟವೆಲ್ಲನ್ನು ಮಡಚಿ ಮುಗಿಸಿ, ನಿಧಾನವಾಗಿ ಬಂದು ಕೂತಳು.

"ಕಿಟ್ಟದಾಳು ಅಂತ ಒಂದು ಊರು," ಎಂದು ಶುರುಮಾಡಿದಳು.