ಮೂರು ಮಧ್ಯಾಹ್ನದ ಕಹಿ

ಗಾಳಿ, ದೆವ್ವ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಅಂತಲ್ಲ. ನಡೆದದ್ದನ್ನು ಹೇಳುತ್ತೇನೆ, ನಗು ಬಂದರೆ ನಕ್ಕುಬಿಡಿ.

ಎಪ್ಪತ್ತರ ದಶಕದ ಕೊನೆ. ಸಿರುಗುಪ್ಪದ ಕಾಲುವೆ ಪಕ್ಕದ ಮನೆಗೆ ಸೊಸೆಯಾಗಿ ಬಂದು ವರ್ಷ ಕಳೆದಿರಲಿಲ್ಲ. ಚೊಚ್ಚಲ ಬಸುರಿ, ಆರನೇ ತಿಂಗಳು. ಗಂಡ ಬಳ್ಳಾರಿಯ ಹತ್ತಿ ಮಿಲ್ಲಿನಲ್ಲಿದ್ದರು. ಭತ್ತ ನಾಟಿಯ ದಿನಗಳಲ್ಲಿ ಮನೆಗೆಲ್ಲ ಚಳಿಜ್ವರ ಬಂತು. ಮೂರನೇ ಸಲ ಬಸುರಿಯಾಗಿದ್ದ ನೆಗೆಣ್ಣಿ, ಭಾವನ ಹೆಂಡತಿ, ಒಂದು ದಿನ ಮುಸುಕು ಹಾಕಿ ಮಲಗಿದ್ದು, ಮರುದಿನ ಎದ್ದು ರೊಟ್ಟಿ ಬಡಿದು, ರೂಪನಗುಡಿಯ ತವರಿಗೆ ಹೋದಳು. ನಾನು ಮಾತ್ರ ಏಳಲೇ ಇಲ್ಲ. ನಾಲ್ಕು ಕೌದಿ ಹೊದ್ದರೂ ಹಲ್ಲು ಕಟಕಟ. ಹೊಟ್ಟೆಯಲ್ಲಿ ಮಗುವಿನ ಮಿಸುಕಾಟ ನಿಂತಿತು. ಅಯ್ಯೋ, ಆ ಹೆದರಿಕೆ ವೈರಿಗೂ ಬೇಡ.

ಮನೆಮನೆ ತಿರುಗುವ ಸರ್ಕಾರದ ಮಲೇರಿಯಾದವನು ಬಂದು ಬೆರಳು ಚುಚ್ಚಿ ರಕ್ತ ತೆಗೆದು, ಮೂರು ದಿನದ ಗುಳಿಗೆಯನ್ನು ಅತ್ತೆಯ ಕೈಗೆ ಕೊಟ್ಟ.

"ಗುಳಿಗಿ ಭಾಳ ಕಾವು ಐತವ್ವಾ, ಬಸುರು ಇಳೀತೈತಿ. ಹಿರೇ ಸೊಸಿದು ಮೊದಲಿಂದು ಹಿಂಗ ಹೋತು. ನಾ ಕೊಡಂಗಿಲ್ಲ," ಅಂದರು ಅತ್ತೆ.

"ಕೂಸು ಒದಿಯಾಕ ಹತ್ತಿಲ್ರೀ ಅತ್ತಿ, ಕೊಡ್ರಿ!" ಎಂದು ಕಾಲು ಹಿಡಿದೆ. ಅವರು ಕಣ್ಣೊರೆಸಿಕೊಳ್ಳುತ್ತ ಹೊರಗೆ ಹೋದರು.

ಅಂದು ಮಧ್ಯಾಹ್ನ ತಲೆಯ ಹಿಂದೆ ಒಂದು ಕೈ ಬಂತು. ಎತ್ತಿ ಕೂಡಿಸಿ, ಬಾಯಿಗೆ ಗುಳಿಗೆ ಹಾಕಿ ನೀರು ಕುಡಿಸಿತು. ಕಣ್ಣು ತೆರೆಯಲು ಆಗಲಿಲ್ಲ. ಕಹಿ ಮಾತ್ರ ನಾಲಿಗೆಯ ಬುಡದವರೆಗೆ ಇಳಿಯಿತು. ಮೂರು ಮಧ್ಯಾಹ್ನವೂ ಹೀಗೇ. ನಾಲ್ಕನೆಯ ದಿನ ಜ್ವರ ಬಿಟ್ಟಿತು, ಮಗು ಒದೆಯಿತು. ಅತ್ತೆಯ ಮನಸ್ಸು ಕರಗಿತು ಅಂದುಕೊಂಡೆ.

ಹೆರಿಗೆ ಬಳ್ಳಾರಿಯ ಆಸ್ಪತ್ರೆಯಲ್ಲಾಯಿತು. ಮಗಳು ಅಂಗೈಯಷ್ಟಿದ್ದಳು, ಆದರೂ ಅತ್ತಳು.

"ಚೊಚ್ಚಲಿನಾಗ ಈ ಜ್ವರ ಭಾಳ ಕಾಡ್ತೈತಿ," ಎಂದರು ನನ್ನ ಜ್ವರದ ಸಂಗತಿ ಕೇಳಿದ ಡಾಕ್ಟರಮ್ಮ. "ರೋಗ ಹೋಗಿ ಮಾಸಿನಾಗ ಅಡಗ್ತೈತಿ, ಮೈಗೆ ಅದರ ಗುರ್ತ ಇರಂಗಿಲ್ಲ. ಒಂದೆರಡು ಸಲ ಬಸುರಾದ ಮ್ಯಾಲೆ ಮೈನ ಅದಕ್ಕ ಎದುರು ನಿಲ್ತೈತಿ. ಗುಳಿಗಿ ನುಂಗಿದ್ದಕ್ಕ ಕೂಸು ಉಳೀತು."

ನೆಗೆಣ್ಣಿ ಹೇಗೆ ಎದ್ದು ಓಡಾಡಿದಳೆಂದು ಆಗ ತಿಳಿಯಿತು. ನಾನು ಅತ್ತೆಯ ಕೈ ಹಿಡಿದು, "ನೀವ ಉಳಿಸಿದ್ರಿ," ಅಂದೆ.

ಅತ್ತೆ ಕೈ ಬಿಡಿಸಿಕೊಂಡರು. "ಹಂಗನಬ್ಯಾಡ ನನ್ನವ್ವಾ. ಗುಳಿಗಿ ನಾ ಅವತ್ತ ಕಾಲುವಿಗೆ ಒಗದಿದ್ದೆ. ಮೂರೂ ದಿನ ಹೊತ್ತು ಮುಳುಗೋತನ ಗದ್ದ್ಯಾಗ ಇದ್ದೆ."

ಊರಿಗೆ ಬಂದ ಮೇಲೆ ಮಲೇರಿಯಾದವನನ್ನು ಕೇಳಿದೆ, ನೆರೆಯವರನ್ನು ಕೇಳಿದೆ. ಯಾರೂ ಬಂದಿರಲಿಲ್ಲ. ಜ್ವರದ ಭ್ರಮೆ ಅಂತಾರೆ ಗಂಡ. ಇರಬಹುದು, ಆದರೆ ಭ್ರಮೆ ನುಂಗಿದರೆ ಜ್ವರ ಬಿಡುತ್ತದೆಯೇ? ಅತ್ತೆ ಬದುಕಿದ್ದಷ್ಟು ದಿನವೂ ಮೊಮ್ಮಗಳನ್ನು ಕಂಡಾಗಲೆಲ್ಲ ಕೈ ಮುಗಿಯುತ್ತಿದ್ದರು. ಯಾರಿಗೆ ಮುಗಿಯುತ್ತಿದ್ದರೋ, ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿಲ್ಲ.