ಒತ್ತಬೇಕಾದಲ್ಲಿ ತೀಡಿದ್ದು

ಈ ಬರಹದಲ್ಲಿ ಕುಂದುಕೊರತೆಗಳಿದ್ದರೆ ಓದುಗರು ದಯವಿಟ್ಟು ಮನ್ನಿಸಬೇಕು. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಒಂದು ವಾಕ್ಯ ಬರೆದರೆ ಅದು ಸರಿಯಿದೆಯೇ ಎಂದು ತೋರಿಸಿ ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಎಲ್ಲವನ್ನೂ ಎರಡೆರಡು ಸಲ ಬರೆಯುವ ಅಭ್ಯಾಸ ಚಿಕ್ಕಂದಿನಿಂದಲೇ ಅಂಟಿಕೊಂಡಿತು. ವಿಜ್ಞಾನದ ಸಂಗತಿಯನ್ನು ಕನ್ನಡದಲ್ಲಿ ಹೇಳುವಾಗ ಎಲ್ಲಾದರೂ ಎಡವಿದ್ದರೆ ಆ ತಪ್ಪು ನನ್ನದು, ಭಾಷೆಯದ್ದಲ್ಲ.

ನನ್ನ ಸಂಶೋಧನೆಯ ವಿಷಯವನ್ನು ಹೇಳುವುದು ಕಷ್ಟವೇನಲ್ಲ. ಘನವಸ್ತುವಿನ ಒಂದು ತುದಿಯನ್ನು ಬಿಸಿ ಮಾಡಿದರೆ ಇನ್ನೊಂದು ತುದಿಯೂ ಬಿಸಿಯಾಗುತ್ತದೆ. ಒಳಗಿನ ಅಣುಗಳು ನಡುಗುತ್ತವೆ, ಆ ನಡುಕ ಒಂದರಿಂದ ಇನ್ನೊಂದಕ್ಕೆ ದಾಟುತ್ತ ಹೋಗುತ್ತದೆ. ಅದೇ ವಸ್ತುವನ್ನು ಎಲ್ಲ ಕಡೆಯಿಂದ ಬಲವಾಗಿ ಅದುಮಿದರೆ ಅಣುಗಳು ಹತ್ತಿರ ಬರುತ್ತವೆ, ಅವುಗಳ ನಡುವಿನ ಹಿಡಿತ ಬಿಗಿಯಾಗುತ್ತದೆ, ನಡುಕ ಬೇಗ ದಾಟುತ್ತದೆ. ಸಾಮಾನ್ಯವಾಗಿ ಒತ್ತಡ ಏರಿದಂತೆ ಶಾಖ ಸಾಗುವುದೂ ಏರಬೇಕು. ಎಷ್ಟು ಏರುತ್ತದೆ ಎಂಬುದನ್ನು ಅಳೆಯುವುದು ನನ್ನ ಕೆಲಸವಾಗಿತ್ತು. ಭೂಮಿಯ ಆಳದಲ್ಲಿರುವಂಥ ಒತ್ತಡವನ್ನು ನಮ್ಮ ಪ್ರಯೋಗಾಲಯದಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಉಪಕರಣದೊಳಗೆ ತರುತ್ತಿದ್ದೆವು. ಅದರಲ್ಲಿ ಎರಡು ವಜ್ರಗಳು ಎದುರುಬದುರು ಕೂತಿರುತ್ತವೆ. ಅವುಗಳ ಚೂಪು ತುದಿಗಳು ಸಾಸಿವೆಗಿಂತ ಸಣ್ಣವು. ತುದಿಗಳ ನಡುವೆ ಕೂದಲಿಗಿಂತ ತೆಳುವಾದ ಮಾದರಿಯನ್ನಿಟ್ಟು ತಿರುಪು ಬಿಗಿಯಬೇಕು. ಆಮೇಲೆ ವಜ್ರದ ಮೂಲಕ ಬೆಳಕು ಹಾಯಿಸಿ ಮಾದರಿಯ ಒಂದು ಮುಖವನ್ನು ಬಿಸಿ ಮಾಡಿ, ಆ ಬಿಸಿ ಒಳಕ್ಕೆ ಎಷ್ಟು ಬೇಗ ಇಳಿಯಿತು ಎಂದು ನೋಡಬೇಕು.

ನನಗೆ ಸಿಕ್ಕಿದ್ದು ಕಾಗೆಬಂಗಾರದ ಜಾತಿಯ, ಪದರ ಪದರವಾಗಿರುವ ಒಂದು ಖನಿಜದ ಪುಡಿ. ನನಗಿಂತ ಮೊದಲು ಅದೇ ಪುಡಿಯ ಮೇಲೆ ಕೆಲಸ ಮಾಡಿ ಬಿಟ್ಟುಹೋದ ಹಿರಿಯರೊಬ್ಬರು ಒತ್ತಡ ಮತ್ತು ಶಾಖದ ನಕ್ಷೆಯಲ್ಲಿ ಒಂದು ಗೆರೆ ಎಳೆದಿಟ್ಟಿದ್ದರು. ಅದು ಏರುವ ಗೆರೆ. ಮೊದಲು ಆ ಗೆರೆಯನ್ನು ನಾನೂ ಮುಟ್ಟಿ ತೋರಿಸಬೇಕು, ನಂತರ ಅದಕ್ಕಿಂತ ಹೆಚ್ಚಿನ ಒತ್ತಡಕ್ಕೆ ಮುಂದುವರಿಯಬೇಕು ಎಂದು ನನ್ನ ಮಾರ್ಗದರ್ಶಕಿ ಹೇಳಿದ್ದರು. ಅವರನ್ನು ನಾವೆಲ್ಲ ಮೇಡಂ ಎಂದೇ ಕರೆಯುತ್ತಿದ್ದುದರಿಂದ ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ನನ್ನ ಗೆರೆಯೂ ಏರಿತು. ಆದರೆ ಪ್ರತಿಯೊಂದು ಒತ್ತಡದಲ್ಲಿಯೂ ಅದು ಹಿರಿಯರ ಗೆರೆಗಿಂತ ಬಹಳ ಕೆಳಗೆ ಉಳಿಯಿತು. ಒಂದೂವರೆ ವರ್ಷ ಹೀಗೆಯೇ ಕಳೆಯಿತು.

ನಾನು ಅಜಾಗರೂಕಳಾಗಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಬೆಳಕಿನ ಶಕ್ತಿಯನ್ನು ದಿನವೂ ಅಳೆದೆ, ವಜ್ರಗಳನ್ನು ಮತ್ತೆ ಮತ್ತೆ ತೊಳೆದೆ, ಹೊಸ ಪುಡಿ ತರಿಸಿದೆ, ಕೋಣೆಯ ಉಷ್ಣತೆಯನ್ನೂ ಬರೆದಿಟ್ಟೆ. ಎಚ್ಚರ ಹೆಚ್ಚಿದಂತೆ ಅಂಕಿ ಇನ್ನಷ್ಟು ಕೆಳಗಿಳಿಯುತ್ತಿತ್ತು. ಮೇಡಂ ಗದರುವವರಲ್ಲ. ನನ್ನ ಪುಸ್ತಕವನ್ನು ತಿರುವಿ, ಕನ್ನಡಕ ತೆಗೆದು, "ಇನ್ನೊಂದ್ ಸಲ ಮಾಡಿಬಿಡಮ್ಮ" ಎನ್ನುತ್ತಿದ್ದರು. ಆ ಮಾತು ಗದರಿಕೆಗಿಂತ ಹೆಚ್ಚು ನೋಯಿಸುತ್ತಿತ್ತು.

ಮನೆಯಲ್ಲಿ ಈ ಗೆರೆಗಾಗಿ ಕಾಯುತ್ತಿದ್ದವರು ಅಪ್ಪ. ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನ ಗೋಡೆಯ ಪಕ್ಕ, ಹೊಂಗೆ ಮರದ ಕೆಳಗೆ ಅವರ ಇಸ್ತ್ರಿ ಗಾಡಿ ನಿಲ್ಲುತ್ತಿತ್ತು. ಕೆಂಡ ತುಂಬಿದ ಹಿತ್ತಾಳೆಯ ಪೆಟ್ಟಿಗೆಯನ್ನು ದಿನವಿಡೀ ಎತ್ತಿ ಆಡಿಸಿ ಅವರ ಬಲಭುಜ ಸೋತಿತ್ತು. ಗಂಜಿ ಹಾಕಿದ ಸೀರೆ ಬಂದರೆ ಎರಡೂ ಕೈ ಹಚ್ಚುತ್ತಿದ್ದರು. ಕೆಲಸ ಬಿಡಿ ಎಂದು ವೈದ್ಯರು ಹೇಳಿದ್ದರು. "ಮಗಳ ಓದು ಮುಗೀಲಿ, ಅವ್ಳಿಗೊಂದು ಕೆಲ್ಸ ಆಗ್ಲಿ, ಅವತ್ತೇ ಬಿಡ್ತೀನಿ" ಎಂಬುದು ಅವರ ಉತ್ತರ. ಹಾಗಾಗಿ ನನ್ನ ಗೆರೆ ಹಿರಿಯರ ಗೆರೆಯನ್ನು ಮುಟ್ಟದಿದ್ದರೆ ಅಪ್ಪನ ಕೈಯಿಂದ ಪೆಟ್ಟಿಗೆ ಇಳಿಯುವಂತಿರಲಿಲ್ಲ.

ಸಾರಕ್ಕಿಯ ನಮ್ಮ ಬಾಡಿಗೆ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅಮ್ಮ ಕೇಳುತ್ತಿದ್ದರು.

"ಇವತ್ತಾದ್ರೂ ಏರ್ತಾ ನಿನ್ ಬಿಸಿ?"

"ಇಲ್ಲಮ್ಮ."

"ಅದೇನು ಆ ಕಲ್ಲಿಗೆ ಅಷ್ಟೊಂದು ಕೊಬ್ಬು?"

ನನಗೆ ನಗು ಬರುತ್ತಿರಲಿಲ್ಲ.

ಇಲ್ಲಿ ನನ್ನ ಒಂದು ಸಣ್ಣತನವನ್ನೂ ಹೇಳಬೇಕು. ಸಂಸ್ಥೆಯ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಜಾಗದಲ್ಲಿ 'ಸ್ವಂತ ವ್ಯವಹಾರ' ಎಂದು ಬರೆದಿದ್ದೆ. ಅದು ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೆ. ಊಟದ ಹೊತ್ತಿನಲ್ಲಿ ಉಳಿದವರು ತಮ್ಮ ತಂದೆಯವರ ಬ್ಯಾಂಕು, ಕಾಲೇಜುಗಳ ಮಾತೆತ್ತಿದಾಗ ಡಬ್ಬಿ ತೊಳೆಯುವ ನೆಪದಲ್ಲಿ ಎದ್ದುಹೋಗುತ್ತಿದ್ದೆ.

ವರ್ಷಕ್ಕೊಂದು ದಿನ ನಮ್ಮ ಸಂಸ್ಥೆಗೆ ಸಾರ್ವಜನಿಕರು ಬಂದು ಪ್ರಯೋಗಾಲಯಗಳನ್ನು ನೋಡಬಹುದು. ಅದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ. ಆ ಸಲ ಸಂದರ್ಶಕರಿಗೆ ಮಾದರಿ ಸಿದ್ಧಪಡಿಸುವುದನ್ನು ತೋರಿಸುವ ಹೊಣೆ ನನ್ನದಾಗಿತ್ತು. ಆ ಕೆಲಸವನ್ನು ನಾನು ಸಾಮಾನ್ಯವಾಗಿ ಮೂಲೆಯ ಮೇಜಿನಲ್ಲಿ ಒಬ್ಬಳೇ ಮಾಡುತ್ತಿದ್ದೆ, ಯಾರೂ ನೋಡಿರಲಿಲ್ಲ. ಹತ್ತಿಪ್ಪತ್ತು ಜನ ಮೇಜಿನ ಸುತ್ತ ನಿಂತಿದ್ದರು, ಮೇಡಂ ಪಕ್ಕದಲ್ಲಿದ್ದರು. ತಲೆಯೆತ್ತಿದರೆ ಬಾಗಿಲಲ್ಲಿ ಅಪ್ಪ! ಬಿಳಿಯ ಅಂಗಿ, ತೋಳಿನ ಮಡಿಕೆ ಚಾಕುವಿನ ಅಲಗಿನಂತೆ ನೆಟ್ಟಗಿತ್ತು. ಅಪಾರ್ಟ್‌ಮೆಂಟಿನವರು ಯಾರೋ ಪೇಪರಿನಲ್ಲಿ ನೋಡಿ ಅವರಿಗೆ ತಿಳಿಸಿದ್ದರಂತೆ.

ನಾನು ನೋಡದವಳಂತೆ ಕೆಲಸ ಮುಂದುವರಿಸಿದೆ. ಗಾಜಿನ ಪಟ್ಟಿಯ ಮೇಲೆ ಚಿಟಿಕೆ ಪುಡಿ ಹಾಕಿ, ಇನ್ನೊಂದು ಪಟ್ಟಿಯನ್ನು ಅದರ ಮೇಲಿಟ್ಟು, ಬೆರಳುಗಳಿಂದ ಅದುಮಿ ತೆಳುವಾದ ಬಿಲ್ಲೆ ಮಾಡತೊಡಗಿದೆ.

ಅಪ್ಪ ಪಕ್ಕದಲ್ಲಿದ್ದವರಿಗೆ ಹೇಳಿದ್ದು ಕೋಣೆಗೆಲ್ಲ ಕೇಳಿಸಿತು. ಗಾಡಿಯ ಬಳಿ ವಾಹನಗಳ ಸದ್ದಿನ ನಡುವೆ ಮಾತಾಡಿ ಮಾತಾಡಿ ಅವರ ದನಿಯೇ ದೊಡ್ಡದಾಗಿತ್ತು.

"ನೋಡಿ ಸಾರ್ ನಮ್ ಹುಡುಗೀನ! ಥೇಟ್ ನನ್ ಕೈಯೇ. ನಾನ್ ಇಸ್ತ್ರಿ ತೀಡೋ ಹಂಗೇ ತೀಡ್ತಾವ್ಳೆ. ಒಂದು ಸುಕ್ಕು ಬಿಡಲ್ಲ ಅವ್ಳು!"

ಯಾರೋ ನಕ್ಕರು. ತಲೆ ತಗ್ಗಿಸಿ ಇನ್ನೂ ನೀಟಾಗಿ ಕೈಯಾಡಿಸಿದೆ.

"ಒಂದ್ ನಿಮಿಷ" ಎಂದರು ಮೇಡಂ. "ಕೈ ಹಾಗೇ ಇರ್ಲಿ. ಈಗ ಏನ್ ಮಾಡ್ದೆ?"

"ಒತ್ತಿದೆ ಮೇಡಂ."

"ಒತ್ತಿದ್ದಲ್ಲ. ಹಿಂದೆ ಮುಂದೆ ಉಜ್ಜಿದೆ. ಯಾವಾಗ್ಲೂ ಹೀಗೇ ಮಾಡ್ತೀಯಾ?"

ನನ್ನ ಬೆರಳುಗಳನ್ನು ನಾನೇ ನೋಡಿಕೊಂಡೆ. ಹೌದು, ಮೇಲಿನ ಗಾಜು ಜಾರುತ್ತಿತ್ತು. ಮಾದರಿ ಮಾಡುವ ವಿಧಾನದ ಹಾಳೆಯಲ್ಲಿ 'ಒತ್ತಿ' ಎಂದಷ್ಟೇ ಇತ್ತು. ನಾನು ಒತ್ತುತ್ತಿದ್ದೇನೆ ಎಂದೇ ತಿಳಿದಿದ್ದೆ.

"ಯಾಕೆ ಉಜ್ತೀಯಾ?" ಮೇಡಂ ದನಿಯಲ್ಲಿ ಕೋಪವಿರಲಿಲ್ಲ.

"ಅಭ್ಯಾಸ" ಎಂದೆ.

ಅಪ್ಪ ಮುಂದೆ ಬಂದರು. "ಅದು ನಾನ್ ಕಲಿಸಿದ್ದು ಮೇಡಂ. ಪೆಟ್ಟಿಗೆ ನಿಂತ್ರೆ ಬಟ್ಟೆ ಸುಟ್ಟೋಯ್ತದೆ. ಕೈ ಆಡ್ತಾನೇ ಇರ್ಬೇಕು ಅಂತ ಸಣ್ಣೋಳಿದ್ದಾಗಿಂದ ಹೇಳಿದೀನಿ."

ಅವರು ಹೇಳಿದ್ದು ನಿಜ. ಶಾಲೆಯಿಂದ ಬಂದ ಮೇಲೆ ಗಾಡಿಯ ಒಂದು ತುದಿಯಲ್ಲಿ ಕರವಸ್ತ್ರ, ದಿಂಬಿನ ಚೀಲಗಳನ್ನು ನಾನು ಇಸ್ತ್ರಿ ಮಾಡುತ್ತಿದ್ದೆ. ಒಂದು ಸಲ ಮೈಮರೆತು ಪೆಟ್ಟಿಗೆಯನ್ನು ಒಂದೇ ಕಡೆ ಅದುಮಿ ಹಿಡಿದು ಯಾರದೋ ದಿಂಬಿನ ಚೀಲದ ಮೇಲೆ ಕಂದು ಗುರುತು ಮಾಡಿದ್ದೆ. ಆ ಮನೆಗೆ ಅಪ್ಪನೇ ಹೋಗಿ ತಲೆ ತಗ್ಗಿಸಿ ನಿಂತರು. ಅಂದಿನಿಂದ ನನ್ನ ಕೈಗೆ ಅದುಮಿ ಸುಮ್ಮನಿರುವುದು ಗೊತ್ತೇ ಇಲ್ಲ.

ಸಂದರ್ಶಕರು ಹೋದ ಮೇಲೆ ಮೇಡಂ ಆ ಬಿಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನನಗೂ ತೋರಿಸಿದರು. ಪುಡಿಯ ಒಂದೊಂದು ಕಣವೂ ಚಪ್ಪಟೆಯ ಚಕ್ಕೆ. ನಾನು ತೀಡಿದ್ದರಿಂದ ಚಕ್ಕೆಗಳೆಲ್ಲ ಮಲಗಿ, ಒಂದರ ಮೇಲೊಂದು ಸಾಲಾಗಿ ಹೊಂದಿಕೊಂಡಿದ್ದವು. ಇಂಥ ವಸ್ತುವಿನಲ್ಲಿ ಶಾಖ ಪದರದ ಉದ್ದಕ್ಕೆ ಸಲೀಸಾಗಿ ಓಡುತ್ತದೆ. ಪದರದಿಂದ ಪದರಕ್ಕೆ ದಾಟಲು ಮಾತ್ರ ತಿಣುಕುತ್ತದೆ. ಹಿರಿಯರು ನೇರವಾಗಿ ಒತ್ತಿದ್ದರು. ಅವರ ಚಕ್ಕೆಗಳು ಅಡ್ಡಾದಿಡ್ಡಿ ಬಿದ್ದಿದ್ದವು, ಓರೆಯಾಗಿ ನಿಂತ ಚಕ್ಕೆಗಳ ಮೂಲಕ ಶಾಖಕ್ಕೆ ದಾರಿಯಿತ್ತು. ನಾನು ಆ ದಾರಿಗಳನ್ನೆಲ್ಲ ನೀಟಾಗಿ ಮುಚ್ಚಿದ್ದೆ. ಆಮೇಲೆ ವಜ್ರಗಳ ನಡುವೆ ಎಷ್ಟೇ ಒತ್ತಡ ಕೊಟ್ಟರೂ ಮಲಗಿದ ಚಕ್ಕೆಗಳು ಏಳುವುದಿಲ್ಲ. ಅಂಕಿ ಕಡಿಮೆ ಬಂದಾಗಲೆಲ್ಲ ಬಿಲ್ಲೆ ಸರಿಯಾಗಿಲ್ಲವೇನೋ ಎಂದು ಇನ್ನಷ್ಟು ಹೊತ್ತು ತೀಡಿದ್ದೆ. ಆದ್ದರಿಂದಲೇ ಎಚ್ಚರ ಹೆಚ್ಚಿದಷ್ಟೂ ಗೆರೆ ಕೆಳಗಿಳಿದಿತ್ತು.

ಕಾರಣ ಸಿಕ್ಕಿತೆಂದು ಸಂತೋಷಪಡಬೇಕಿತ್ತು. ನನಗೆ ಬಂದದ್ದು ಸಿಟ್ಟು. ಹೊರಗೆ ಕಾಯುತ್ತಿದ್ದ ಅಪ್ಪನ ಜೊತೆ ಬಸ್ಸು ಹತ್ತಿದೆ. ಬನಶಂಕರಿ ದಾಟಿದ ಮೇಲೆ ಕೇಳಿದೆ.

"ಯಾಕಪ್ಪ ಬಂದೆ? ಬಂದವ್ನು ಸುಮ್ನೆ ನೋಡ್ಕೊಂಡು ಹೋಗ್ಬಾರದಿತ್ತಾ? ಎಲ್ಲಾರ್ ಮುಂದೆ ಇಸ್ತ್ರಿ, ಪೆಟ್ಟಿಗೆ ಅಂತ..."

"ಅದ್ರಲ್ಲೇನಮ್ಮ ತಪ್ಪು? ಚೆನ್ನಾಗಿ ಮಾಡ್ತಾವ್ಳೆ ಅಂತ್ಲೇ ಅಲ್ವಾ ಅಂದಿದ್ದು?"

"ಚೆನ್ನಾಗಿ ಮಾಡಿದ್ದೇ ತಪ್ಪಾಯ್ತು. ಒಂದೂವರೆ ವರ್ಷದ ಕೆಲ್ಸ ಪೂರ್ತಿ ವೇಸ್ಟು."

ಸಾರಕ್ಕಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿತ್ತು. "ನನ್ ಕೈ ನಿಂಗೆ ಬರ್ಬಾರದಿತ್ತು ಬಿಡು" ಎಂದರು ಅಪ್ಪ. ಎಡಗೈಯಿಂದ ಬಲಭುಜ ಹಿಡಿದುಕೊಂಡಿದ್ದರು. ಆಗ ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ.

ಮರುದಿನ ಮೇಡಂ ಗಾಜಿನ ಪಟ್ಟಿ ಜಾರದಂತೆ ನಾಲ್ಕು ಮೂಲೆಗೂ ಗೂಟ ಹಾಕಿಸಿ, ಮೇಲಿನಿಂದ ತಿರುಪು ಬಿಗಿಯುವ ಒಂದು ಚೌಕಟ್ಟು ಮಾಡಿಸಿದರು. ನನ್ನ ಕೈಯನ್ನು ನಂಬುವ ಹಾಗಿರಲಿಲ್ಲ. ನೆನಪಿಟ್ಟುಕೊಂಡು ಒತ್ತಿದರೂ ಕೊನೆಯಲ್ಲಿ ಅದು ಸ್ವಲ್ಪ ಆಡಿಬಿಡುತ್ತಿತ್ತು. ಚೌಕಟ್ಟಿನಲ್ಲಿ ಮಾಡಿದ ಮೊದಲ ಕೆಲವು ಬಿಲ್ಲೆಗಳಲ್ಲಿಯೇ ನನ್ನ ಅಂಕಿಗಳು ಹಿರಿಯರ ಗೆರೆಯ ಮೇಲೆ ಬಂದು ಕೂತವು. ಅಮ್ಮನಿಗೆ ಏರಿತು ಎಂದು ಹೇಳಿದೆ. ಅವರು ದೇವರ ಮುಂದೆ ದೀಪ ಹಚ್ಚಿದರು. ಈಗ ಎಲ್ಲವನ್ನೂ ಮೊದಲಿನಿಂದ ಮಾಡಬೇಕು ಎಂಬುದನ್ನು ಅಂದು ಹೇಳಲು ಬಾಯಿ ಬರಲಿಲ್ಲ.

ಸಂಶೋಧನೆಗೆ ಕೊಟ್ಟ ಅವಧಿ ಮುಗಿಯುತ್ತಿದ್ದುದರಿಂದ ಪರಿಶೀಲನಾ ಸಮಿತಿಯ ಮುಂದೆ ನಿಲ್ಲಬೇಕಾಯಿತು. ನಾನು ಒಂದು ವಾಕ್ಯವನ್ನು ಉರುಹೊಡೆದಿದ್ದೆ: ಮಾದರಿಯ ಸಿದ್ಧತೆಯ ಹಂತದಲ್ಲಿ ಅನುದ್ದೇಶಿತ ಘರ್ಷಣೆ ಸಂಭವಿಸಿದೆ. ತಪ್ಪಿಲ್ಲದ ವಾಕ್ಯ. ಅದನ್ನು ಹೇಳಿ ಮುಗಿಸಿದೆ.

ಸಮಿತಿಯ ಸದಸ್ಯರೊಬ್ಬರು ಕೇಳಿದರು: "ಒಂದೂವರೆ ವರ್ಷ, ಪ್ರತಿಯೊಂದ್ ಸಲಾನೂ ಘರ್ಷಣೆ ಹೇಗಮ್ಮ ಸಂಭವಿಸತ್ತೆ?"

ಮೇಡಂ ಬಾಯಿ ತೆರೆದರು. ಅವರಿಗಿಂತ ಮೊದಲೇ ನಾನು ಹೇಳಿದೆ: "ನಮ್ಮ ತಂದೆ ಇಸ್ತ್ರಿ ಕೆಲಸ ಮಾಡ್ತಾರೆ ಸರ್. ನಾನೂ ಮಾಡಿ ಬೆಳೆದವಳು. ಅದಕ್ಕೆ ಕೈ ನಿಲ್ಲಲಿಲ್ಲ."

ಅವರು ನಗಲಿಲ್ಲ. ಒಂದು ವರ್ಷದ ಹೆಚ್ಚಿನ ಅವಧಿ ಕೊಟ್ಟರು. ಆದರೆ ಆ ವರ್ಷಕ್ಕೆ ವಿದ್ಯಾರ್ಥಿವೇತನ ಇಲ್ಲ ಎಂದರು. ತೀಡಿದ ಬಿಲ್ಲೆಗಳ ಹಳೆಯ ಅಂಕಿಗಳನ್ನು ಎಸೆಯಬೇಡ, ಒತ್ತಿದವುಗಳ ಪಕ್ಕದಲ್ಲಿಟ್ಟು ಹೋಲಿಸಿ ಒಂದು ಅಧ್ಯಾಯ ಬರೆ ಎಂದರು ಮೇಡಂ. ಬರೆದೆ. ಆ ಅಧ್ಯಾಯವನ್ನು ಓದಿದವರು ಚೆನ್ನಾಗಿದೆ ಎನ್ನುತ್ತಾರೆ. ಅದಕ್ಕೆ ತೆತ್ತ ವರ್ಷ ನನ್ನೊಬ್ಬಳದ್ದೇ ಆಗಿದ್ದರೆ ನಾನೂ ಹಾಗೆನ್ನುತ್ತಿದ್ದೆನೇನೋ.

ನಂತರ ನಮ್ಮ ಮನೆಯಲ್ಲಿ ಆದ ಬದಲಾವಣೆಗಳು ಇವು. ಆ ವರ್ಷ ಸಾರಕ್ಕಿಯ ಮನೆ ಬಿಟ್ಟು ಇಟ್ಟಮಡುವಿನ ಒಂದೇ ಕೋಣೆಯ ಮನೆಗೆ ಹೋದೆವು. ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೋಗುವ ಮುನ್ನ ನಾನು ಗಾಡಿಯ ಬಳಿ ನಿಂತು ಸೀರೆಗಳನ್ನು ಇಸ್ತ್ರಿ ಮಾಡಿದೆ. ಉಳಿದದ್ದನ್ನು ಅಪ್ಪನೇ ಮಾಡಿದರು. ಪ್ರಬಂಧ ಒಪ್ಪಿಸಿ, ಬನಶಂಕರಿಯ ಒಂದು ಕಾಲೇಜಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕ ದಿನ ಅಪ್ಪ ಮಾತಿನಂತೆ ಪೆಟ್ಟಿಗೆ ಕೆಳಗಿಟ್ಟರು. ಅಷ್ಟರಲ್ಲಿ ಅವರ ಬಲಗೈ ಭುಜಕ್ಕಿಂತ ಮೇಲೆ ಏಳುವುದು ನಿಂತುಹೋಗಿತ್ತು. ಈಗಲೂ ಏಳುವುದಿಲ್ಲ. ಬೆಳಿಗ್ಗೆ ಅಂಗಿ ತೊಡುವಾಗ ಆ ತೋಳನ್ನು ಅಮ್ಮ ಏರಿಸುತ್ತಾರೆ. ಗಾಡಿಯನ್ನು ಮಾರಿದೆವು. ನನ್ನ ಬಟ್ಟೆಗಳನ್ನು ನಾನೇ ಇಸ್ತ್ರಿ ಮಾಡಿಕೊಳ್ಳುತ್ತೇನೆ, ಅಪ್ಪ ಪಕ್ಕದಲ್ಲಿ ಕೂತು ನೋಡುತ್ತಾರೆ.